ಅಪ್ಪಾ, ಗುರುದತ್ ಬರೀ ದುಃಖದ ಮನುಷ್ಯ ಅಲ್ಲ

ಬರ್ಲಿನ್
16 ನವೆಂಬರ್ 2025

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಚಳಿ ಶುರುವಾಗಿದೆ, ಸಂಜೆ ನಾಲ್ಕೂವರೆಗೆಲ್ಲ ಕತ್ತಲೆ. ಅಮ್ಮಾ, ಹುಳಿಪುಡಿ, ಚಟ್ನಿಪುಡಿ ಎರಡೂ ಬಂದವು. ಪೊಟ್ಟಣ ಒಡೆದಿರಲಿಲ್ಲ. ಮುಂದಿನ ಸಲ ಸ್ವಲ್ಪ ಮೆಂತ್ಯದ ಹಿಟ್ಟೂ ಕಳಿಸು.

ಉಳಿದ ಪತ್ರ ಅಪ್ಪನಿಗೆ. ಅಪ್ಪಾ, ಹೋದ ವಾರ ಫೋನಿನಲ್ಲಿ ಹಿಂದಿ ಪಿಕ್ಚರ್‌ಗಳ ನಿರ್ದೇಶಕ, ನಟ ಗುರುದತ್ ಮಾತು ಬಂದಾಗ ನೀವು "ಒಂದು ಪಿಕ್ಚರ್ ಓಡಲಿಲ್ಲ ಅಂತ ಕುಡಿದು ಕುಡಿದು ಸತ್ತ, ಪಾಪ" ಅಂದುಬಿಟ್ಟಿರಿ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾತು ಬೇರೆ ಕಡೆ ಹೋಯಿತು. ಫೋನಿನಲ್ಲಿ ನಿಮ್ಮ ಜೊತೆ ವಾದ ಮಾಡಿ ಗೆದ್ದವರು ನಮ್ಮನೇಲಿ ಯಾರೂ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಪತ್ರ ಓದುವಾಗ ನೀವು ಮಧ್ಯೆ ಮಾತಾಡಿದರೂ ನನಗೆ ಕೇಳಿಸಲ್ಲ.

ಈ ವರ್ಷ ಅವರು ಹುಟ್ಟಿ ನೂರು ವರ್ಷ ಆಯಿತಲ್ವಾ. ಇಲ್ಲಿನ ಒಂದು ಸಣ್ಣ ಥಿಯೇಟರಿನಲ್ಲಿ 'ಪ್ಯಾಸಾ' ಮತ್ತು 'ಕಾಗಜ್ ಕೆ ಫೂಲ್' ಹಾಕಿದ್ದರು. ಶುರುವಾಗುವ ಮೊದಲು ಒಬ್ಬರು ಎದ್ದು ನಿಂತು ಪರಿಚಯ ಮಾಡಿಕೊಟ್ಟರು. ಏನು ಹೇಳಿದರು ಗೊತ್ತಾ? ಹೆಚ್ಚುಕಡಿಮೆ ನೀವು ಹೇಳಿದ್ದೇ. ನೊಂದ ಕಲಾವಿದ, ಲೋಕ ಅರ್ಥ ಮಾಡಿಕೊಳ್ಳಲಿಲ್ಲ, 39ನೇ ವಯಸ್ಸಿಗೆ ಸಾವು. ಪಿಕ್ಚರ್ ಶುರುವಾಗುವ ಮೊದಲೇ ಜನರ ಮುಖ ಸಪ್ಪಗಾಯಿತು. ಮೈಸೂರಿನಲ್ಲೂ ಅದೇ ಕಥೆ, ಬರ್ಲಿನ್ನಿನಲ್ಲೂ ಅದೇ ಕಥೆ ಅಂತ ನನಗೆ ರೇಗಿತು.

ಆ ಮನುಷ್ಯ ಎಷ್ಟು ಕೆಲಸ ಮಾಡಿದ್ದಾರೆ ಅನ್ನುವುದನ್ನು ಯಾರೂ ಹೇಳುವುದೇ ಇಲ್ಲ.

ಮೊದಲಿಂದ ನೋಡಿ. ಹುಟ್ಟಿದ್ದು ಬೆಂಗಳೂರಿನಲ್ಲಿ, 9 ಜುಲೈ 1925. ಮನೆತನ ಕುಂದಾಪುರದ ಹತ್ತಿರದ ಪಡುಕೋಣೆಯದು. ಮನೆಮಾತು ಕೊಂಕಣಿ. ಬೆಳೆದಿದ್ದು ಕಲ್ಕತ್ತಾದಲ್ಲಿ. ಹೆಸರಿನಿಂದ ಪಡುಕೋಣೆ ಬಿಟ್ಟಿದ್ದರಿಂದ ಅವರನ್ನು ಬಂಗಾಳಿ ಅಂದುಕೊಂಡವರೇ ಜಾಸ್ತಿ. ಮನೆಯಲ್ಲಿ ದುಡ್ಡಿರಲಿಲ್ಲ, ಕಾಲೇಜಿಗೆ ಹೋಗಲಿಲ್ಲ. ಅಲ್ಮೋಡಾದಲ್ಲಿ ಉದಯಶಂಕರ್ ಅವರ ನೃತ್ಯ ಕೇಂದ್ರದಲ್ಲಿ ಡ್ಯಾನ್ಸ್ ಕಲಿತರು. ಕಲ್ಕತ್ತಾದಲ್ಲಿ ಟೆಲಿಫೋನ್ ಆಪರೇಟರ್ ಕೆಲಸ ಮಾಡಿದರು. 1944ರಲ್ಲಿ ಪುಣೆಯ ಪ್ರಭಾತ್ ಸ್ಟುಡಿಯೋ ಸೇರಿದರು. ಅಲ್ಲಿ ಡ್ಯಾನ್ಸ್ ಹೇಳಿಕೊಡುವುದು, ಸಹಾಯಕನಾಗಿ ಓಡಾಡುವುದು, ಸಣ್ಣಪುಟ್ಟ ಪಾರ್ಟು, ಏನು ಸಿಕ್ಕರೆ ಅದು. ಧೋಬಿ ಶರ್ಟು ಅದಲುಬದಲು ಮಾಡಿ ದೇವ್ ಆನಂದ್ ಪರಿಚಯವಾದ ಕಥೆ ನೀವೇ ನನಗೆ ಹೇಳಿದ್ದು. ಆ ಸ್ನೇಹದಿಂದಲೇ 1951ರಲ್ಲಿ 'ಬಾಜಿ' ನಿರ್ದೇಶನ ಸಿಕ್ಕಿತು. ಜೂಜುಕೋರನ ಕಥೆ. ಚೆನ್ನಾಗಿ ಓಡಿತು.

ಇಲ್ಲಿಂದ ಲೆಕ್ಕ ಹಾಕಿ. ಮಾರನೇ ವರ್ಷ 'ಜಾಲ್'. 1953ರಲ್ಲಿ 'ಬಾಜ್'. ಅದರಲ್ಲಿ ಮೊದಲ ಸಲ ತಾವೇ ಹೀರೋ ಆದರು. ಬಿತ್ತು! ಒಂದು ಪಿಕ್ಚರ್ ಬಿದ್ದರೆ ಕುಸಿದು ಹೋಗುವ ಮನುಷ್ಯ ಆಗಿದ್ದರೆ ಅಲ್ಲೇ ಮುಗಿಯಬೇಕಿತ್ತು. ಏನು ಮಾಡಿದರು? ಮರುವರ್ಷ 'ಆರ್ ಪಾರ್' ಮಾಡಿದರು, ಭರ್ಜರಿ ಹಿಟ್. ಅದರ ಮರುವರ್ಷ 'ಮಿಸ್ಟರ್ ಅಂಡ್ ಮಿಸೆಸ್ 55', ಅದೂ ಹಿಟ್. 1956ರಲ್ಲಿ ನಿರ್ಮಾಪಕರಾಗಿ 'ಸಿಐಡಿ', ಹಿಟ್. ಅದೇ ವರ್ಷ ನಿರ್ದೇಶಿಸಿದ 'ಸೈಲಾಬ್' ಮತ್ತೆ ಬಿತ್ತು. ಮರುವರ್ಷ 'ಪ್ಯಾಸಾ'. ಸೋಲು ಅವರಿಗೆ 1959ರಲ್ಲಿ 'ಕಾಗಜ್ ಕೆ ಫೂಲ್' ಜೊತೆ ಹೊಸದಾಗಿ ಬಂದ ನೆಂಟ ಅಲ್ಲ ಅಪ್ಪಾ.

'ಮಿಸ್ಟರ್ ಅಂಡ್ ಮಿಸೆಸ್ 55'ರಲ್ಲಿ ಅವರದು ಕೆಲಸವಿಲ್ಲದ ಕಾರ್ಟೂನಿಸ್ಟ್ ಪಾತ್ರ. ಆ ಪಿಕ್ಚರಿನಲ್ಲಿರುವ ಕಾರ್ಟೂನ್‌ಗಳು ಯಾರವು ಗೊತ್ತಾ? ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣ್ ಅವರವು. ಇದು ನಿಮಗೆ ಗೊತ್ತಿಲ್ಲದಿದ್ದರೆ ಒಪ್ಪಿಕೊಂಡುಬಿಡಿ, ಅಮ್ಮನ ಮುಂದೆ ಹೇಳುವುದಿಲ್ಲ.

ನನ್ನ ಕೇಳಿದರೆ, ನಟನಾಗಿ ಗುರುದತ್ ಚೆಂದ ಕಾಣುವುದು ಈ ನಗುವಿನ ಪಿಕ್ಚರ್‌ಗಳಲ್ಲೇ. 'ಆರ್ ಪಾರ್'ನಲ್ಲಿ ಟ್ಯಾಕ್ಸಿ ಡ್ರೈವರ್. ಗ್ಯಾರೇಜು, ಬೀದಿ, ಪೋಲಿ ಮಾತು. ಆಗಿನ ಎಷ್ಟೋ ಹಿಂದಿ ಪಿಕ್ಚರ್‌ಗಳಲ್ಲಿ ಹಾಡು ಬಂತೆಂದರೆ ಕಥೆ ಪಕ್ಕಕ್ಕೆ ನಿಂತು ದಾರಿ ಬಿಡಬೇಕು. ಗುರುದತ್ ಹಾಗೆ ಬಿಡುವುದಿಲ್ಲ. ಮಾತಾಡುತ್ತಾ ಮಾತಾಡುತ್ತಾ ಹಾಡಿಗೆ ಇಳಿದುಬಿಡುತ್ತಾರೆ. ಮ್ಯೂಸಿಕ್ ಮುಂಚೆ ಬಂದು ಡಂಗುರ ಸಾರುವುದಿಲ್ಲ. ಕಾರು ರಿಪೇರಿ ಮಾಡುವಲ್ಲಿ, ಆಫೀಸಿನ ಟೈಪಿಸ್ಟ್ ಮೇಜಿನ ಹತ್ತಿರ, ಜನ ಸುಮ್ನೆ ಹಾಡಿಬಿಡುತ್ತಾರೆ. ಹಾಡುವವರೂ ಎಲ್ಲ ಸಲ ಹೀರೋ ಹೀರೋಯಿನ್ನೇ ಅಲ್ಲ. ಹಾಸ್ಯನಟ ಜಾನಿ ವಾಕರ್‌ಗೂ ಒಂದು ಹಾಡು ಕಾಯಂ. ಅವರು ಬಾಂಬೆಯಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಕುಡಿದವನ ಹಾಗೆ ನಟಿಸಿ ತೋರಿಸಿದ್ದು ನೋಡಿ ಗುರುದತ್ 'ಬಾಜಿ'ಗೆ ತೆಗೆದುಕೊಂಡರು. ಅಷ್ಟು ಭಾರದ 'ಪ್ಯಾಸಾ'ದಲ್ಲೂ ಎಣ್ಣೆ ಸೀಸೆ ಹಿಡಿದು ತಲೆ ಮಾಲೀಶು ಮಾಡುತ್ತಾ ಬರುವುದು ಅವರೇ. ಇಲ್ಲಿ ಆ ಹಾಡು ಬಂದಾಗ ಥಿಯೇಟರ್ ಪೂರ್ತಿ ನಕ್ಕಿತು. ಎದ್ದು ನಿಂತು ಮಾತಾಡಿದ್ದರಲ್ಲ, ಅವರೂ ನಕ್ಕರು. ನೋಡಿದೆ ನಾನು.

'ಪ್ಯಾಸಾ' ಕಥೆ ನಿಮಗೆ ಬಾಯಿಪಾಠ. ಬದುಕಿದ್ದಾಗ ಯಾರೂ ಮೂಸದ ಕವಿ, ಸತ್ತ ಅಂತ ಸುದ್ದಿಯಾದ ಮೇಲೆ ತಲೆ ಮೇಲೆ ಹೊತ್ತು ಮೆರೆಸುತ್ತಾರೆ. ಆ ಪಾತ್ರಕ್ಕೆ ಅವರು ಮೊದಲು ಕೇಳಿದ್ದು ದಿಲೀಪ್ ಕುಮಾರ್ ಅವರನ್ನು. ಅವರು ಬರಲಿಲ್ಲ, ಇವರೇ ಮುಖಕ್ಕೆ ಬಣ್ಣ ಹಚ್ಚಿದರು. ಅಂದರೆ ಇದು ತನ್ನ ಆತ್ಮಕಥೆ, ತಾನೇ ಮಾಡಬೇಕು ಅಂತ ಹಟ ಹಿಡಿದು ಕೂತಿರಲಿಲ್ಲ. ಒಳ್ಳೆಯ ನಟ ಬೇಕಿತ್ತು, ಸಿಗಲಿಲ್ಲ, ಕೆಲಸ ನಿಲ್ಲಬಾರದು. ಹಾಗಂತ ಅವರ ನಟನೆ ಕಡಿಮೆಯದು ಅಂತಲ್ಲ. ಏನೂ ಮಾಡದೆ ಸುಮ್ಮನೆ ನೋಡುತ್ತಾ ನಿಲ್ಲುತ್ತಾರೆ, ಕ್ಯಾಮೆರಾ ಮುಖದ ಹತ್ತಿರ ಹತ್ತಿರ ಬರುತ್ತದೆ. ಕೊನೆಯಲ್ಲಿ ಸಭಾಂಗಣದ ಬಾಗಿಲಲ್ಲಿ ಕೈ ಚಾಚಿ ನಿಲ್ಲುವ ಜಾಗದಲ್ಲಿ ಬೆಳಕೆಲ್ಲ ಬೆನ್ನ ಹಿಂದೆ. ಮುಖ ಕಾಣುವುದೇ ಇಲ್ಲ. ಆಕಾರ ನೋಡಿದರೇ ಸಾಕು, ಶಿಲುಬೆ ನೆನಪಾಗುತ್ತದೆ.

ಆ ಬೆಳಕಿನ ಹಿಂದೆ ಇನ್ನೊಬ್ಬರಿದ್ದಾರೆ. ವಿ.ಕೆ. ಮೂರ್ತಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಪಿಟೀಲು ಬಾರಿಸುತ್ತಿದ್ದರು. ಕ್ಯಾಮೆರಾ ಕಲಿತಿದ್ದು ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ. 'ಬಾಜಿ'ಗೆ ಅವರು ಬರೀ ಸಹಾಯಕ ಕ್ಯಾಮೆರಾಮನ್. ಒಂದು ಕಷ್ಟದ ಶಾಟ್‌ಗೆ ಹೀಗೆ ಮಾಡಬಹುದು ಅಂತ ಹೇಳಿದರು, ಮಾಡಿಯೂ ತೋರಿಸಿದರು. ಗುರುದತ್‌ಗೆ ಎಷ್ಟು ಹಿಡಿಸಿತು ಅಂದರೆ, ಮುಂದಿನ ಪಿಕ್ಚರಿನಿಂದ ನೀವೇ ನನ್ನ ಕ್ಯಾಮೆರಾಮನ್ ಅಂತ ಅಲ್ಲೇ ಹೇಳಿಬಿಟ್ಟರು. ಹೇಳಿದ ಹಾಗೇ ನಡೆದುಕೊಂಡರು.

ಈಗ 'ಕಾಗಜ್ ಕೆ ಫೂಲ್'ಗೆ ಬರೋಣ. ಭಾರತದ ಮೊದಲ ಸಿನಿಮಾಸ್ಕೋಪ್ ಪಿಕ್ಚರ್. ಅಗಲ ಪರದೆ ಅಂದರೆ ಬೇರೆಯವರು ಯುದ್ಧ, ದರ್ಬಾರು, ಕುದುರೆ ತುಂಬುತ್ತಾರೆ. ಇವರು ಅದರಲ್ಲಿ ಖಾಲಿ ಸ್ಟುಡಿಯೋ ತೋರಿಸಿದರು! ಅವರ ಹೆಂಡತಿ ಗೀತಾ ದತ್ ದನಿಯಲ್ಲಿ ಆ ಹಾಡು ಬರುತ್ತದಲ್ಲ, ಗುರುದತ್ ಒಂದು ಕಡೆ, ವಹೀದಾ ರೆಹಮಾನ್ ಇನ್ನೊಂದು ಕಡೆ. ಮಧ್ಯೆ ಮೇಲಿನಿಂದ ಬೆಳಕಿನ ದೊಡ್ಡ ಕೋಲು ಇಳಿದಿದೆ. ಆ ಬೆಳಕು ಲೈಟಿನದಲ್ಲ. ಸ್ಟುಡಿಯೋ ಲೈಟು ಎಷ್ಟೇ ದೊಡ್ಡದಿರಲಿ, ದೂರ ಹೋಗುತ್ತಾ ಬೆಳಕು ಹರಡಿಕೊಳ್ಳುತ್ತದೆ. ಅಂಚು ನೇರ ನಿಲ್ಲುವುದಿಲ್ಲ. ಬಿಸಿಲು ಹಾಗಲ್ಲ, ನೇರವಾಗಿ ಬರುತ್ತದೆ. ಮೂರ್ತಿಯವರು ಎರಡು ದೊಡ್ಡ ಕನ್ನಡಿ ತರಿಸಿದರು. ಒಂದನ್ನು ಹೊರಗೆ ಬಿಸಿಲಿಗೆ ಹಿಡಿದು, ಆ ಬಿಸಿಲನ್ನು ಒಳಗೆ ಎತ್ತರದಲ್ಲಿದ್ದ ಇನ್ನೊಂದು ಕನ್ನಡಿಗೆ ಬೀಳಿಸಿದರು. ಅಲ್ಲಿಂದ ನೆಲಕ್ಕೆ. ಕೋಲು ಕಣ್ಣಿಗೆ ಕಾಣಬೇಕಲ್ಲ, ಅದಕ್ಕೆ ಸ್ವಲ್ಪ ಹೊಗೆ. ಅಷ್ಟೇ! ಸೂರ್ಯ ಸರಿದಂತೆ ಕನ್ನಡಿಯನ್ನೂ ಸರಿಸಬೇಕು. ಹೊರಗೆ ಕನ್ನಡಿ ಹತ್ತಿರ ನಿಂತವರು ಬೆವರು ಒರೆಸಿಕೊಂಡು ಅದನ್ನು ತಿರುಗಿಸಿದ್ದು ನನ್ನ ಕಣ್ಣಿಗೆ ಕಟ್ಟುತ್ತದೆ. ಹಾಡು ನೋಡಿ ಕಣ್ಣೀರು ಹಾಕುವಾಗ ಅವರ ಯೋಚನೆ ಯಾರಿಗೆ ಬರುತ್ತೆ ಹೇಳಿ. ಆ ವರ್ಷದ ಫಿಲ್ಮ್‌ಫೇರ್ ಮೂರ್ತಿಯವರಿಗೆ ಬಂತು. ಎಷ್ಟೋ ವರ್ಷದ ಮೇಲೆ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಬಂತು. ಕ್ಯಾಮೆರಾಮನ್ ಒಬ್ಬರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಕನ್ನಡದಲ್ಲಿ 'ಹೂವು ಹಣ್ಣು' ಶೂಟ್ ಮಾಡಿದ್ದೂ ಅವರೇ. ಅದನ್ನು ನಾವೆಲ್ಲ ಒಟ್ಟಿಗೆ ಟಿವಿಯಲ್ಲಿ ನೋಡಿದ್ದೇವೆ, ಕ್ಯಾಮೆರಾ ಯಾರದು ಅಂತ ಆಗ ಕೇಳಿದವರಾರು!

ಆದರೆ ಪಿಕ್ಚರ್ ಬಿತ್ತು. ಚೆನ್ನಾಗೇ ಬಿತ್ತು. ಅಲ್ಲಿಗೆ ನಿಮ್ಮ ಮಾತು ಅರ್ಧ ಸರಿ ಅಂತ ಒಪ್ಪುತ್ತೇನೆ. ಆಮೇಲೆ ಯಾವ ಪಿಕ್ಚರಿಗೂ ನಿರ್ದೇಶಕ ಅಂತ ಅವರು ತಮ್ಮ ಹೆಸರು ಹಾಕಲಿಲ್ಲ. ಎಂಟಕ್ಕೇ ನಿಂತಿತು. ಉಳಿದರ್ಧ ಕೇಳಿ. ಸ್ಟುಡಿಯೋ ಮುಚ್ಚಿ ಮನೆಗೆ ಹೋದರಾ? ಇಲ್ಲ. 1960ರಲ್ಲೇ 'ಚೌದ್ವೀಂ ಕಾ ಚಾಂದ್' ನಿರ್ಮಿಸಿದರು, ನಟಿಸಿದರು. ನಿರ್ದೇಶನ ಎಂ. ಸಾದಿಕ್ ಅವರದು. ದೊಡ್ಡ ಹಿಟ್, ಕಳೆದ ದುಡ್ಡು ವಾಪಸ್ ಬಂತು. 1962ರಲ್ಲಿ 'ಸಾಹಿಬ್ ಬೀಬಿ ಔರ್ ಗುಲಾಮ್'. ರಾಷ್ಟ್ರಪತಿಗಳ ಬೆಳ್ಳಿ ಪದಕ ಬಂತು. ಮರುವರ್ಷ ಇದೇ ಬರ್ಲಿನ್ ಚಿತ್ರೋತ್ಸವಕ್ಕೂ ಬಂತು. ಅದರ ನಿರ್ದೇಶಕರು ಅಂತ ಹೆಸರಿರುವುದು ಗುರುದತ್ ಜೊತೆಗಿದ್ದ ಬರಹಗಾರ ಅಬ್ರಾರ್ ಅಲ್ವಿ ಅವರದು. ನಿಜಕ್ಕೂ ಮಾಡಿದ್ದು ಗುರುದತ್ತೇ ಅಂತ ಜನ ಇವತ್ತಿಗೂ ಕಚ್ಚಾಡುತ್ತಾರೆ. ಹಾಡುಗಳನ್ನು ಮಾತ್ರ ಗುರುದತ್ ತೆಗೆದರು, ಉಳಿದದ್ದು ನಾನೇ ಅಂತ ಅಲ್ವಿ ಕೊನೆತನಕ ಹೇಳಿದರು. ನಾನು ಅಲ್ವಿಯವರ ಪಕ್ಷ. ಒಳ್ಳೆಯದೆಲ್ಲ ಒಬ್ಬನದೇ ಆಗಬೇಕು ಅನ್ನುವ ನಮ್ಮ ಚಟ ಇದೆಯಲ್ಲ, ಅದು ಬರಹಗಾರನಿಗೂ ಅನ್ಯಾಯ, ಗುರುದತ್‌ಗೂ ಅನ್ಯಾಯ. ಕಸುಬು ಗೊತ್ತಿರುವ ಜನರನ್ನು ಹುಡುಕಿ ಜೊತೆಗಿಟ್ಟುಕೊಳ್ಳುವುದು ಅವರಿಗೆ ಗೊತ್ತಿತ್ತು. ಅಲ್ವಿ, ಮೂರ್ತಿ, ಜಾನಿ ವಾಕರ್ ಹಾಗೇ ಬಂದವರು. ಹೈದರಾಬಾದಿಗೆ ಹೋದಾಗ ತೆಲುಗು ಪಿಕ್ಚರಿನ ಹುಡುಗಿಯೊಬ್ಬಳ ವಿಷಯ ಕಿವಿಗೆ ಬಿತ್ತು. ಕರೆಸಿ 'ಸಿಐಡಿ'ಗೆ ಹಾಕಿಕೊಂಡರು. ಆಕೆಯೇ ವಹೀದಾ.

ಕುಡಿತ ಸುಳ್ಳಲ್ಲ. ನಿದ್ದೆ ಬಾರದೆ ಮಾತ್ರೆ ನುಂಗುತ್ತಿದ್ದದ್ದು, ಗೀತಾ ಜೊತೆ ಸಂಸಾರ ಒಡೆದದ್ದು, ಹಿಂದೆಯೂ ಜೀವ ಕಳೆದುಕೊಳ್ಳಲು ಹೋಗಿದ್ದು, ಎಲ್ಲ ನಿಜ. 10 ಅಕ್ಟೋಬರ್ 1964ರಂದು ಬಾಂಬೆಯ ಫ್ಲ್ಯಾಟಿನಲ್ಲಿ ಹೆಣವಾಗಿ ಸಿಕ್ಕಿದರು. ಬೇಕೆಂದೇ ಮಾಡಿಕೊಂಡರಾ, ಮಾತ್ರೆ ಮತ್ತು ಮದ್ಯ ಸೇರಿ ಹಾಗಾಯಿತಾ ಅನ್ನುವುದು ಇತ್ಯರ್ಥವಾಗಿಲ್ಲ. ಅದರ ಬಗ್ಗೆ ತೀರ್ಪು ಕೊಡಲು ನಾನ್ಯಾರು. ಆದರೆ ಸಾಯುವಾಗ ಅವರ ಕೈಯಲ್ಲಿ ಕೆಲಸ ಇತ್ತು ಅಪ್ಪಾ. 'ಬಹಾರೇಂ ಫಿರ್ ಭೀ ಆಯೇಂಗಿ' ಅರ್ಧ ಆಗಿತ್ತು. ಆಮೇಲೆ ಅವರ ಪಾತ್ರ ಧರ್ಮೇಂದ್ರ ಮಾಡಿದರು. ನಿರ್ದೇಶಕ ಕೆ. ಆಸಿಫ್ ಅವರ ಪಿಕ್ಚರಿನಲ್ಲಿ ಮಜ್ನೂ ಆಗಿದ್ದರು. ಹೊರಗಿನ ಬ್ಯಾನರ್‌ಗಳಲ್ಲೂ ಹೀರೋ ಆಗಿ ದುಡಿಯುತ್ತಿದ್ದರು. ಐದು ವರ್ಷ ಹಿಂದಿನ ಒಂದು ಸೋಲಿಗೆ ಸತ್ತ ಮನುಷ್ಯ ಹೀಗೆ ಕಾಲ್‌ಶೀಟ್ ಕೊಟ್ಟುಕೊಂಡು ಓಡಾಡುತ್ತಿರುತ್ತಾರಾ?

ಬಿದ್ದ ಆ 'ಕಾಗಜ್ ಕೆ ಫೂಲ್' ಇಪ್ಪತ್ತು ಮೂವತ್ತು ವರ್ಷ ಆದಮೇಲೆ ಯುರೋಪಿನಲ್ಲೂ ಓಡಾಡಿತು. 'ಪ್ಯಾಸಾ' ರಿಪೇರಿಯಾಗಿ 2015ರಲ್ಲಿ ವೆನಿಸ್ ಚಿತ್ರೋತ್ಸವಕ್ಕೆ ಹೋಯಿತು. ನಾನು ನೋಡಿದ ದಿನ ಪಕ್ಕದಲ್ಲಿ ಕೂತಿದ್ದ ಹುಡುಗ ಸಿನಿಮಾ ಓದುತ್ತಿರುವವನು. ಮುಗಿದ ಮೇಲೆ ಅವನು ಕೇಳಿದ್ದು ದುಃಖದ ವಿಷಯ ಅಲ್ಲ. ಆ ಬೆಳಕು ಹೇಗೆ ಮಾಡಿದರು ಅಂತ. ಹೊರಗೆ ಚಳಿಯಲ್ಲಿ ನಿಂತು ಕೈ ಆಡಿಸಿ ಕನ್ನಡಿ ಲೆಕ್ಕ ಹೇಳಿಕೊಟ್ಟೆ. ನಮ್ಮೂರಿನವರು ಮಾಡಿದ್ದು ಅಂತ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ.

ನೀವು ಒಂದು ಕೆಲಸ ಮಾಡಬೇಕು. ಗುರುದತ್ ತಾಯಿ ವಾಸಂತಿ ಪಡುಕೋಣೆ ಕನ್ನಡದಲ್ಲೇ ಮಗನ ಬಗ್ಗೆ ಪುಸ್ತಕ ಬರೆದಿದ್ದಾರೆ, 'ನನ್ನ ಮಗ ಗುರುದತ್ತ' ಅಂತ. ನಾನು ಇಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ನೀವು ಯಾವಾಗಲೂ ಹೋಗುವ ಹಳೆ ಪುಸ್ತಕದ ಅಂಗಡಿಯಲ್ಲಿ ಕೇಳಿ. ಅಲ್ಲಿಲ್ಲದಿದ್ದರೆ ಲೈಬ್ರರಿಯಲ್ಲಿ ನೋಡಿ, ಸಿಕ್ಕಿದರೆ ಜೆರಾಕ್ಸ್ ಆದರೂ ಸರಿ. ಮೊದಲು ನೀವು ಓದಿ. ಓದಿದ ಮೇಲೂ ನಿಮ್ಮ ಮಾತೇ ಸರಿ ಅನ್ನಿಸಿದರೆ ಉದ್ದದ ಪತ್ರ ಬರೆಯಿರಿ, ವಾಟ್ಸಾಪ್ ಮೆಸೇಜ್ ಬೇಡ. ಆಮೇಲೆ ಪುಸ್ತಕವನ್ನು ಅಮ್ಮನ ಮೆಂತ್ಯದ ಹಿಟ್ಟಿನ ಜೊತೆ ಕಳಿಸಿ. ಪ್ಲಾಸ್ಟಿಕ್‌ನಲ್ಲಿ ಬೇರೆ ಸುತ್ತಿ, ಹಿಟ್ಟು ಮೆತ್ತಿಕೊಳ್ಳುತ್ತೆ.

ನಿಮ್ಮ ಪ್ರೀತಿಯ ಮಗಳು