ಮುಂದೇನಾಯ್ತು ಅಂತ ಕೇಳಿದ ಅತ್ತಿಗೆಗೆ

ಅಮ್ಮ ಮೊದಲ ಸಾಲಿನಲ್ಲೇ ಕೂತಿದ್ದರು. ಮಡಿಲಲ್ಲಿ ಶಾಲು, ಕೈಯಲ್ಲಿ ಬಿಸಿನೀರಿನ ಬಾಟಲಿ. ಕಳೆದ ಭಾನುವಾರ ಸಂಜೆ ಆರಕ್ಕೆ ಶುರುವಾದ ಕಥೆ ಎಂಟಕ್ಕೆ ಹತ್ತು ನಿಮಿಷ ಇರುವಾಗ ಮುಗಿಯಿತು. ದಕ್ಷಿಣ ಆಫ್ರಿಕಾದ ಹಾಸ್ಯಗಾರ, ನಟ ಟ್ರೆವರ್ ನೋವಾ ಅವರ ಬದುಕನ್ನು ಕನ್ನಡದಲ್ಲಿ, ಜನರ ಮುಂದೆ ನಿಂತು, ಬಾಯಿಮಾತಿನಲ್ಲಿ ಹೇಳಬೇಕು ಅನ್ನುವುದು ನನ್ನ ಎರಡು ವರ್ಷದ ಆಸೆ. ಅದು ಕೈಗೂಡಿತು.

ಜೂನ್‌ನಲ್ಲಿ ಆಗಬೇಕಿದ್ದದ್ದು ನವೆಂಬರಿಗೆ ಬಂತು. ನಡುವೆ ಅಮ್ಮ ಐಸಿಯು ಸೇರಿದರು. ಏನಾಯಿತು ಅಂತ ನಿಮಗೆಲ್ಲ ಗೊತ್ತು, ಮತ್ತೆ ಹೇಳುವುದಿಲ್ಲ. ಅಮ್ಮ ಈಗ ತಾವೇ ಎದ್ದು ಕಾಫಿ ಸೋಸಿಕೊಳ್ಳುತ್ತಾರೆ. ಅಷ್ಟು ಸಾಕು.

ಗ್ರಂಥಾಲಯದ ಮಹಡಿ ಬಿಟ್ಟುಕೊಟ್ಟವರಿಗೆ, ಕುರ್ಚಿ ಹೊತ್ತ ಹುಡುಗರಿಗೆ, ದಿನ ಬದಲಾದಾಗ ಒಂದು ಮಾತೂ ಆಡದೆ ಮತ್ತೆ ಬಂದ ನಮ್ಮ ಓದಿನ ಬಳಗಕ್ಕೆ, ರಕ್ತ ಕೊಟ್ಟ ಮೂವರಿಗೆ, ಕೇಳುವ ಮೊದಲೇ ರಜೆ ಕೊಟ್ಟ ನನ್ನ ಆಫೀಸಿನ ಮೇಡಂಗೆ, ಎಲ್ಲರಿಗೂ ಕೈ ಮುಗಿಯುತ್ತೇನೆ.

ಅಣ್ಣನಿಗೂ ಒಂದು ಮಾತು. 2023ರ ಸೆಪ್ಟೆಂಬರ್ 27ರಂದು ಟ್ರೆವರ್ ಬೆಂಗಳೂರಿಗೆ ಬಂದಾಗ ನನಗೆ ಟಿಕೆಟ್ ತೆಗೆಸಿಕೊಟ್ಟು, ಹೊರ ವರ್ತುಲ ರಸ್ತೆಯ ಆ ಟ್ರಾಫಿಕ್‌ನಲ್ಲಿ ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋದವನು ಅವನು. ಅವತ್ತು ಒಳಗೆ ಏನೂ ಕೇಳಿಸಲಿಲ್ಲ. ವೇದಿಕೆಯ ಮಾತು ಹಿಂದೆ ಕೂತವರ ತನಕ ಬರಲೇ ಇಲ್ಲ. ಶೋ ರದ್ದಾಯಿತು, ಮರುದಿನದ್ದೂ ರದ್ದಾಯಿತು. ಟ್ರೆವರ್ ಕ್ಷಮೆ ಕೇಳಿ ಬರೆದರು. ನಾನು ದಾರಿಯುದ್ದಕ್ಕೂ ಅತ್ತೆ. ಮನೆ ಹತ್ತಿರ ಬಂದಾಗ ಅಣ್ಣ, 'ಬಿಡು, ಅವರ ಕಥೆ ನೀನೇ ಹೇಳು' ಅಂದ. ಬೀಜ ಬಿದ್ದದ್ದು ಅಲ್ಲಿ.

ಇನ್ನು ಉಳಿದ ಬರಹವೆಲ್ಲ ಅತ್ತಿಗೆಗೆ.

ನಮ್ಮ ಅತ್ತಿಗೆ ಮುಳಬಾಗಿಲಿನ ಕಡೆಯವರು. ತವರಿನಲ್ಲಿ ತೆಲುಗು, ನಮ್ಮ ಮನೆಯಲ್ಲಿ ಕನ್ನಡ, ಬೀದಿಯ ಅರ್ಧ ಜನರ ಜೊತೆ ತಮಿಳು. ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾರೆ. ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೇವೆ. ನಮ್ಮಿಬ್ಬರ ಮಧ್ಯೆ ಜಗಳ ಇರಲಿಲ್ಲ, ಸಲುಗೆಯೂ ಇರಲಿಲ್ಲ. ಹಾಲು ಬಂತಾ, ಗ್ಯಾಸ್ ಬುಕ್ ಮಾಡಿದ್ರಾ, ಇಷ್ಟೇ ಮಾತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಅಮ್ಮ ಐಸಿಯುನಲ್ಲಿದ್ದ ಆ ರಾತ್ರಿ ಅಣ್ಣ ಮಕ್ಕಳನ್ನು ನೋಡಿಕೊಳ್ಳಲು ಮನೆಗೆ ಹೋದ. ಒಂಬತ್ತಕ್ಕೆ ಅತ್ತಿಗೆ ಬಂದರು. ಬಟ್ಟೆ ಚೀಲದಲ್ಲಿ ಚಪಾತಿ, ಫ್ಲಾಸ್ಕ್, ಜೊತೆಗೆ ಕೈಹೊಲಿಗೆ ಬಾಕಿ ಇದ್ದ ನಾಲ್ಕು ಬ್ಲೌಸ್. ಐಸಿಯು ಹೊರಗಿನ ಸ್ಟೀಲ್ ಕುರ್ಚಿಯಲ್ಲಿ ಕೂತು ಹುಕ್ ಹಾಕಲು ಶುರು ಮಾಡಿದರು. ಹನ್ನೊಂದೂವರೆಗೆ ಡಾಕ್ಟರ್ ಹೊರಗೆ ಬಂದು ಹೇಳಬೇಕಾದದ್ದು ಹೇಳಿ ಹೋದರು. ಬೆಳಗಿನ ತನಕ ಕಾಯಿರಿ, ಅಂದರು. ನನಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ.

'ನೀನು ಅದ್ಯಾರೋ ಆಫ್ರಿಕಾದವರ ಕಥೆ ಬರೀತಿದ್ದೆಯಲ್ಲ, ಅದನ್ನ ಹೇಳು' ಅಂದರು ಅತ್ತಿಗೆ.

'ಈಗ್ಲಾ ಅತ್ತಿಗೆ?'

'ಬೆಳಗಾಗ್ಬೇಕಲ್ಲ. ಹೇಳು.'

ನಾನು ಬರೆದಿಟ್ಟುಕೊಂಡ ಹಾಗೇ ಶುರು ಮಾಡಿದೆ. 2015ರ ಸೆಪ್ಟೆಂಬರ್ 28, ನ್ಯೂಯಾರ್ಕ್. ಅಮೆರಿಕದ ಹೆಸರಾಂತ ರಾಜಕೀಯ ಹಾಸ್ಯದ ಟೀವಿ ಕಾರ್ಯಕ್ರಮ. ಜಾನ್ ಸ್ಟೀವರ್ಟ್ ಬಿಟ್ಟುಹೋದ ಕುರ್ಚಿಯಲ್ಲಿ 31 ವರ್ಷದ ದಕ್ಷಿಣ ಆಫ್ರಿಕಾದವರೊಬ್ಬರು ಬಂದು ಕೂತರು. ಇಷ್ಟು ಹೇಳುವಷ್ಟರಲ್ಲಿ ಅತ್ತಿಗೆ ಸೂಜಿ ನಿಲ್ಲಿಸಿದರು.

'ಅಲ್ಲಿಂದ ಬೇಡ. ಅವರಮ್ಮ ಯಾರು?'

ಎರಡು ವರ್ಷ ಕೂತು ಬರೆದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ.

ಹಾಗಾಗಿ ತಾಯಿಯಿಂದ ಹೇಳಿದೆ. ಪೆಟ್ರೀಷಿಯಾ ನೊಂಬುಯಿಸೆಲೊ ನೋವಾ, ಖೋಸಾ ಸಮುದಾಯದ ಹೆಂಗಸು. ಕರಿಯರು ವಾಸಿಸುವಂತಿಲ್ಲದ ಜೋಹಾನ್ಸ್‌ಬರ್ಗ್ ನಗರದ ನಡುವೆ ಕದ್ದು ಬಾಳಿದವರು. ಟೈಪಿಂಗ್ ಕಲಿತು ಆಫೀಸಿನಲ್ಲಿ ಕೆಲಸ ಹಿಡಿದವರು. ಆ ನಗರದಲ್ಲೇ ರಾಬರ್ಟ್ ಅನ್ನುವ ಸ್ವಿಸ್ ಗಂಡಸಿನ ಪರಿಚಯವಾಯಿತು. ಬಿಳಿಯರಿಗೂ ಕರಿಯರಿಗೂ ಸಂಬಂಧ ಇರಬಾರದು ಅಂತ 1927ರಿಂದ ಕಾನೂನಿತ್ತು, ಸಿಕ್ಕಿಬಿದ್ದರೆ ಜೈಲು. 1984ರ ಫೆಬ್ರವರಿ 20ರಂದು ಟ್ರೆವರ್ ಹುಟ್ಟಿದಾಗಲೂ ಅದು ಜಾರಿಯಲ್ಲಿತ್ತು. ಮಾರನೆಯ ವರ್ಷ ಆ ಕಲಮನ್ನು ತೆಗೆದರು. ಬೇರೆ ಬೇರೆ ಬಣ್ಣದವರನ್ನು ಬೇರೆ ಬೇರೆ ಕಡೆ ಇಡುವ ಕಾನೂನುಗಳು ಆಮೇಲೂ ಉಳಿದವು.

'ಅಂದ್ರೆ ಮಗು ಹುಟ್ಟಿದ್ದೇ ಸಾಕ್ಷಿ' ಅಂದರು ಅತ್ತಿಗೆ.

ಹೌದು, ಅಷ್ಟೇ. ತಾಯಿ ಕಪ್ಪು, ಮಗುವಿನ ಬಣ್ಣ ಬೇರೆ. ಮಗನನ್ನು ಹೊರಗೆ ಕರೆದುಕೊಂಡು ಹೋಗಬೇಕಾದರೆ ಅವನದೇ ಬಣ್ಣದ ಇನ್ನೊಬ್ಬ ಹೆಂಗಸನ್ನು ಜೊತೆಗೆ ಕರೆಯುತ್ತಿದ್ದರು. ಆಕೆ ತಾಯಿಯ ಹಾಗೆ ಮಗುವಿನ ಪಕ್ಕ ನಡೆಯಬೇಕು. ಹೆತ್ತವಳು ಮನೆಗೆಲಸದವಳ ಹಾಗೆ ನಾಲ್ಕು ಹೆಜ್ಜೆ ಹಿಂದೆ ಬರಬೇಕು. ಕರಿಯರ ಬಡಾವಣೆಯಾದ ಸೊವೆಟೊದ ಅಜ್ಜಿ ಮನೆಯಲ್ಲಿದ್ದಾಗ ಹುಡುಗನನ್ನು ಬೀದಿಗೆ ಬಿಡುತ್ತಿರಲಿಲ್ಲ, ಪೊಲೀಸರು ಎತ್ತಿಕೊಂಡು ಹೋದಾರು ಅನ್ನುವ ಭಯ. ಮಂಡೇಲಾ ಜೈಲಿನಿಂದ ಬಿಡುಗಡೆಯಾದಾಗ ಅವನಿಗೆ ಇನ್ನೇನು ಆರು ವರ್ಷ ತುಂಬುವುದರಲ್ಲಿತ್ತು.

ಅತ್ತಿಗೆ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ, 'ನಾಲ್ಕು ಹೆಜ್ಜೆ ಹಿಂದೆ' ಅಂತ ತಮ್ಮಷ್ಟಕ್ಕೇ ಹೇಳಿಕೊಂಡರು. ಭಾನುವಾರ ನಾನು ಕಥೆ ಶುರು ಮಾಡಿದ್ದು ಈ ಮೂರು ಶಬ್ದಗಳಿಂದ. ಅದು ನನ್ನದಲ್ಲ, ಅವರದು.

ಒಂದು ಗಂಟೆಯ ಹೊತ್ತಿಗೆ ಭಾಷೆಯ ವಿಷಯಕ್ಕೆ ಬಂದೆ. ಇಂಗ್ಲಿಷ್, ಖೋಸಾ, ಜುಲು, ಸೋಥೊ, ಟ್ಸ್ವಾನಾ, ಆಫ್ರಿಕಾನ್ಸ್, ಹೀಗೆ ಟ್ರೆವರ್ ಹಲವು ಭಾಷೆ ಆಡುತ್ತಾರೆ. ಒಮ್ಮೆ ಬೀದಿಯಲ್ಲಿ ಕೆಲವು ಹುಡುಗರು ಹಿಂದೆ ಬಂದು, ಇವನನ್ನು ದೋಚೋಣ ಅಂತ ಜುಲುವಿನಲ್ಲಿ ಮಾತಾಡಿಕೊಂಡರಂತೆ. ಇವರು ತಿರುಗಿ ಜುಲುವಿನಲ್ಲೇ ಉತ್ತರ ಕೊಟ್ಟರು. ಹುಡುಗರು ತಣ್ಣಗಾದರು, ನಮ್ಮವನೇ ಅಂದುಕೊಂಡರು. ಮೈಬಣ್ಣ ಹೊರಗೆ ನಿಲ್ಲಿಸಿದ ಕಡೆಯಲ್ಲೆಲ್ಲ ಅವರನ್ನು ಒಳಗೆ ಕರೆದುಕೊಂಡದ್ದು ಮಾತು.

ಇದನ್ನು ಹೇಳುತ್ತಿರುವಾಗಲೇ ಆಯಾ ಒಬ್ಬರು ಬಕೆಟ್ ಹಿಡಿದು ಬಾಗಿಲಿನಿಂದ ಹೊರಗೆ ಬಂದರು. ಗಂಟೆಗಟ್ಟಲೆ ಆ ಬಾಗಿಲಿನ ಮುಂದೆ ನಿಂತು ಕೇಳಿದ್ದೆ, ಯಾರೂ ಬಾಯಿ ಬಿಟ್ಟಿರಲಿಲ್ಲ. ಅತ್ತಿಗೆ ಬ್ಲೌಸ್ ಪಕ್ಕಕ್ಕಿಟ್ಟು ಎದ್ದು ಹೋಗಿ ತೆಲುಗಿನಲ್ಲಿ ಏನೋ ಕೇಳಿದರು. ಊರು, ತವರು, ಮಕ್ಕಳು ಅಂತ ಎರಡು ನಿಮಿಷ ಮಾತಾಯಿತು. ಆಯಾ ಮತ್ತೆ ಒಳಗೆ ಹೋಗಿ ಬಂದು, ಅಮ್ಮ ಕಣ್ಣು ಬಿಟ್ಟಿದ್ದರು, ನೀರು ಕೇಳಿದರು ಅಂತ ಹೇಳಿದರು. ನೀರು ಕೇಳಿದರು! ಅಷ್ಟು ಸಣ್ಣ ಸುದ್ದಿಗೆ ನಾನು ಗೋಡೆ ಹಿಡಿದು ನಿಂತೆ. ಅತ್ತಿಗೆ ಬಂದು ಕೂತು ಸೂಜಿ ಎತ್ತಿಕೊಂಡು, 'ಆಮೇಲೆ?' ಅಂದರು.

ಆಮೇಲಿನದು ಬೇಗ ಬೇಗ ಹೇಳಿದೆ. ಅಲೆಕ್ಸಾಂಡ್ರಾದ ಬೀದಿಗಳಲ್ಲಿ ನಕಲಿ ಸಿಡಿ ಮಾರಿದ್ದು. ಹದಿನೆಂಟರಲ್ಲಿ ಟೀವಿ ಧಾರಾವಾಹಿಯಲ್ಲಿ ಸಣ್ಣ ಪಾತ್ರ. ರೇಡಿಯೊದಲ್ಲಿ ಕಾರ್ಯಕ್ರಮ, ಇಪ್ಪತ್ತರ ಹರೆಯದಲ್ಲಿ ಸ್ಟ್ಯಾಂಡಪ್, 2009ರಲ್ಲಿ ತನ್ನೊಬ್ಬನದೇ ಮೊದಲ ದೊಡ್ಡ ಶೋ. 2012ರಲ್ಲಿ ಅಮೆರಿಕದ ಜೇ ಲೆನೊ ಕಾರ್ಯಕ್ರಮದ ವೇದಿಕೆ. ಅಲ್ಲಿ ಹೋಗಿ ನಿಂತ ಮೊದಲ ದಕ್ಷಿಣ ಆಫ್ರಿಕಾದ ಹಾಸ್ಯಗಾರ ಇವರೇ.

'2009 ದಾಟಿಬಿಟ್ಟೆ. ಅಲ್ಲಿ ಯಾಕೆ ತಡವರಿಸಿದೆ?' ಅಂದರು ಅತ್ತಿಗೆ.

ಅವರಿಗೆ ಹೇಗೆ ಗೊತ್ತಾಯಿತೋ. ನಿಜವಾಗಿ ನಾನು ಅಲ್ಲಿ ಒಂದು ಹಾಳೆ ಹಾರಿಸಿದ್ದೆ.

ಆ ವರ್ಷವೇ ಪೆಟ್ರೀಷಿಯಾ ಅವರ ಮೇಲೆ ಗುಂಡು ಹಾರಿತು. ಹಾರಿಸಿದವನು ಅವರು ಬಿಟ್ಟುಬಂದಿದ್ದ ಗಂಡ, ಟ್ರೆವರ್‌ಗೆ ಮಲತಂದೆ. ವರ್ಷಗಟ್ಟಲೆ ಹೊಡೆದವನು. ಭಾನುವಾರ, ಚರ್ಚಿನಿಂದ ಬಂದ ಹೊತ್ತು. ಟ್ರೆವರ್ ಅವರ ತಮ್ಮನೇ ಫೋನ್ ಮಾಡಿ ಅಣ್ಣನಿಗೆ ಸುದ್ದಿ ಮುಟ್ಟಿಸಿದ. ಗುಂಡು ತಲೆಯ ಹಿಂದಿನಿಂದ ಹೊಕ್ಕಿತ್ತು. ಆಸ್ಪತ್ರೆಯಲ್ಲಿ ವಿಮೆ ಇಲ್ಲ ಅಂತ ಗೊತ್ತಾದಾಗ 25 ವರ್ಷದ ಮಗ ತನ್ನ ಕಾರ್ಡ್ ತೆಗೆದುಕೊಟ್ಟ.

ಇಲ್ಲಿ ನನ್ನ ಗಂಟಲು ಕಟ್ಟಿತು. ನಮ್ಮ ಅಮ್ಮ ಆ ಬಾಗಿಲಿನ ಆಚೆ ಇದ್ದರು. ಅದೇ ಸಂಜೆ ನಾನೂ ಕೌಂಟರಿನಲ್ಲಿ ಕಾರ್ಡ್ ಕೊಟ್ಟು ಬಂದಿದ್ದೆ. ಇಷ್ಟು ದಿನ ನಾನು ಈ ಘಟನೆಯನ್ನು ಕಥೆಯ ತಿರುವು ಅಂತ ಬರೆದಿಟ್ಟಿದ್ದೆ. ಅದಕ್ಕೆ ಇಷ್ಟು ನಿಮಿಷ, ಅಲ್ಲಿ ಒಂದು ಮೌನ, ಹೀಗೆ ಲೆಕ್ಕ ಹಾಕಿದ್ದೆ. ಯಾರದೋ ತಾಯಿಯ ತಲೆಗೆ ಬಿದ್ದ ಗುಂಡಿಗೆ ನಾನು ಗಡಿಯಾರ ಹಿಡಿದಿದ್ದೆ. ಆ ಕುರ್ಚಿಯಲ್ಲಿ ಕೂತು ಜೋರಾಗಿ ಅತ್ತುಬಿಟ್ಟೆ. ಸೆಕ್ಯೂರಿಟಿಯವರು ಬಂದು ನೋಡಿ ಹೋದರು. ನನಗೆ ಅಮ್ಮ ಬೇಕಿತ್ತು, ಅಷ್ಟೇ. ಬೇರೆ ಏನೂ ಬೇಡವಾಗಿತ್ತು.

ಅತ್ತಿಗೆ ನನ್ನನ್ನು ಸುಮ್ಮನಿರು ಅನ್ನಲಿಲ್ಲ. ಎಲ್ಲ ಸರಿಹೋಗುತ್ತೆ ಅಂತಲೂ ಅನ್ನಲಿಲ್ಲ. ನನ್ನ ಮೊಣಕಾಲಿನ ಮೇಲೆ ಕೈ ಇಟ್ಟು ಒಂದೇ ಪ್ರಶ್ನೆ ಕೇಳಿದರು.

'ಬದುಕಿದ್ರಾ?'

'ಬದುಕಿದ್ರು ಅತ್ತಿಗೆ.'

'ಹಾಗಾದ್ರೆ ಅದನ್ನ ಹೇಳು.'

ಹೇಳಿದೆ. ಗುಂಡು ಮೆದುಳಿಗೆ ತಾಗದೆ ಮೂಗಿನ ಕಡೆಯಿಂದ ಆಚೆ ಹೋಗಿತ್ತು. ಒಂದು ವಾರದೊಳಗೆ ಆ ತಾಯಿ ಮತ್ತೆ ಕೆಲಸಕ್ಕೆ ಹೋದರು. ಹಾಸಿಗೆಯ ಪಕ್ಕ ಅಳುತ್ತಿದ್ದ ಮಗನಿಗೆ, ಅಳಬೇಡ, ಇನ್ನು ಮೇಲೆ ಮನೆಯಲ್ಲಿ ಎಲ್ಲರಿಗಿಂತ ಚೆಂದ ಇರುವುದು ನೀನೇ, ಅನ್ನುವ ಅರ್ಥದ ಮಾತು ಹೇಳಿ ನಗಿಸಿದರು. ಮುಖಕ್ಕೆ ಬ್ಯಾಂಡೇಜ್ ಕಟ್ಟಿಸಿಕೊಂಡು ಮಲಗಿದ್ದ ತಾಯಿ! ಅತ್ತಿಗೆ ನಕ್ಕರು. ಬಾಯಿಗೆ ಸೆರಗು ಹಿಡಿದು ನಕ್ಕರು. ಅವರ ನಗು ನೋಡಿ ನನಗೂ ನಗು ಬಂತು. ಮೂರೂವರೆ ಗಂಟೆ ಇರಬೇಕು.

'ಇವರು ನಗಿಸೋದು ಎಲ್ಲಿ ಕಲಿತ್ರು ಅಂತ ಈಗ ಗೊತ್ತಾಯ್ತು' ಅಂದರು.

ಐದೂವರೆಗೆ ನಮ್ಮನ್ನು ಒಳಗೆ ಬಿಟ್ಟರು.

ಮನೆಗೆ ಬಂದ ಮೇಲೆ ಹಳೆಯ ಬರಹವನ್ನು ಪೂರ್ತಿ ಬಿಟ್ಟುಬಿಟ್ಟೆ. ನ್ಯೂಯಾರ್ಕಿನ ಏಳು ವರ್ಷ ಈಗ ಹತ್ತೇ ನಿಮಿಷದಲ್ಲಿ ಮುಗಿಯುತ್ತದೆ. ಸಿನಿಮಾಗಳು, ಗ್ರ್ಯಾಮಿ ಸಮಾರಂಭದ ನಿರೂಪಣೆ, 2023ರ ಎರಾಸ್ಮಸ್ ಪ್ರಶಸ್ತಿ ಎಲ್ಲ ಇನ್ನೂ ಕಡಿಮೆ. ಅದರ ಬದಲು 2018ರಲ್ಲಿ ಕ್ಯಾಮೆರಾ ತೆಗೆದುಕೊಂಡು ಸೊವೆಟೊದ ಅಜ್ಜಿ ಮನೆಗೆ ಹೋದದ್ದಕ್ಕೆ ಜಾಸ್ತಿ ಜಾಗ ಕೊಟ್ಟೆ. ಟ್ರೆವರ್ ಟೀವಿಯಲ್ಲಿ ಮಾಡಿದ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಆ ಅಜ್ಜಿ 2022ರಲ್ಲಿ, 95ನೇ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷದ ಡಿಸೆಂಬರ್ 8ರಂದು ಟ್ರೆವರ್ ಆ ಕಾರ್ಯಕ್ರಮ ಬಿಟ್ಟರು. ಕೊನೆಯ ದಿನ ಕಣ್ಣು ತುಂಬಿಕೊಂಡು ಅವರು ನೆನೆದದ್ದು ಕಪ್ಪು ಹೆಂಗಸರನ್ನು. ಅಮ್ಮನನ್ನು, ಅಜ್ಜಿಯನ್ನು, ಚಿಕ್ಕಮ್ಮನನ್ನು. ನನಗೆ ಗೊತ್ತಿರುವುದೆಲ್ಲ ಅವರಿಂದ ಕಲಿತದ್ದು, ಅನ್ನುವ ಹಾಗೆ ಮಾತಾಡಿದರು. ನನ್ನ ಕಥೆಯೂ ಅಲ್ಲಿಗೇ ನಿಂತಿತು.

ಭಾನುವಾರ ಶುರುವಿಗೆ ಮುಂಚೆ ನಾನು ಮೈಕಿನಲ್ಲಿ ಕೇಳಿದ ಮೊದಲ ಮಾತು, 'ಹಿಂದೆ ಕೂತವರಿಗೆ ಕೇಳಿಸ್ತಾ ಇದೆಯಾ?' ಎಂದು. ಕೊನೆಯ ಸಾಲಿನಲ್ಲಿ ಅತ್ತಿಗೆ ಕೈ ಎತ್ತಿದರು. ಮುಂದೆ ಬನ್ನಿ ಅಂತ ಎಷ್ಟು ಕರೆದರೂ ಬರಲಿಲ್ಲ. 'ನಾನು ಇಲ್ಲಿ ಕೂತ್ರೆ ನಿಂಗೆ ಗೊತ್ತಾಗುತ್ತೆ, ಧ್ವನಿ ಇಲ್ಲಿವರೆಗೂ ಬರ್ತಿದೆಯೋ ಇಲ್ವೋ ಅಂತ' ಅಂದರು. ಎರಡು ಗಂಟೆ ನಾನು ಅವರ ಮುಖ ನೋಡಿಕೊಂಡೇ ಕಥೆ ಹೇಳಿದೆ.

ಅತ್ತಿಗೆ, ಇದನ್ನು ನಿಮ್ಮ ಎದುರು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಆ ರಾತ್ರಿ ನೀವು ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ ಗೊತ್ತಿಲ್ಲ. ಹನ್ನೊಂದು ವರ್ಷ ನಿಮ್ಮ ಜೊತೆ ಮಾತಾಡದೆ ಇದ್ದದ್ದಕ್ಕೆ ಕ್ಷಮಿಸಿ.

ಕೊನೆಗೆ, ನಮ್ಮ ಬೀದಿಯವರಲ್ಲಿ ಒಂದು ಕೋರಿಕೆ. ಜೂನ್ ತಿಂಗಳ ಮದುವೆಗೆ ಅತ್ತಿಗೆ ಹತ್ತಿರ ಬ್ಲೌಸ್ ಕೊಟ್ಟು, ತಡವಾಯಿತು ಅಂತ ಬೇಜಾರು ಮಾಡಿಕೊಂಡವರು ಮೂರು ಮನೆಯವರಿದ್ದೀರಿ. ಅವರು ಯಾರಿಗೂ ಕಾರಣ ಹೇಳಿಲ್ಲ. ಆ ದಿನಗಳಲ್ಲಿ ಅವರು ನಮ್ಮ ಅಮ್ಮನ ಹತ್ತಿರ ಇದ್ದರು. ಆ ರಾತ್ರಿ ಹುಕ್ ಹಾಕಿದ ನಾಲ್ಕು ಬ್ಲೌಸ್‌ಗಳಲ್ಲಿ ಎರಡು ನಿಮ್ಮವೇ.