ಬಾಗಿಲು ಮುಚ್ಚಿದ ಮೇಲೆ

ಪ್ರೀತಿಯ ಅಮ್ಮ, ಅಪ್ಪ,

ಎರಡು ತಿಂಗಳಿಂದ ಫೋನಿನಲ್ಲಿ ‘ಚೆನ್ನಾಗಿದ್ದೀನಿ’ ಅಂತಷ್ಟೇ ಹೇಳಿ ಇಟ್ಟುಬಿಡುತ್ತಿದ್ದೆ. ಅಮ್ಮನಿಗೆ ಅನುಮಾನ ಬಂದಿತ್ತು, ಅಲ್ವಾ? ನಾವು ನೋಡಿಕೊಳ್ಳುವ ಒಂದು ಹೆಲಿಕಾಪ್ಟರ್‌ನ ಲಗೇಜ್ ಗೂಡಿಗೆ ಹಾರುವಾಗಲೇ ಬೆಂಕಿ ಬಿದ್ದಿತ್ತು. ಯಾರಿಗೂ ಏನೂ ಆಗಿಲ್ಲ. ಆದರೆ ಆ ಗೂಡನ್ನು ಕೊನೆಯ ಸಲ ಚೆಕ್ ಮಾಡಿ ಸಹಿ ಹಾಕಿದವನು ನಾನು.

ಆ ಗೂಡು ಬಾಲ ಶುರುವಾಗುವ ಜಾಗದಲ್ಲಿದೆ. ಬಾಲದ ರೆಕ್ಕೆ ತಿರುಗಿಸುವ ಶಾಫ್ಟ್ ಅದರ ಮೇಲೇ ಹಾದುಹೋಗುತ್ತೆ. ಹಾರುವಾಗ ಅಲ್ಲಿಗೆ ಯಾರ ಕೈಯೂ ಎಟುಕಲ್ಲ. ಇರುವುದು ಹೊಗೆ ಕಂಡುಹಿಡಿಯುವ ಒಂದು ಡಿಟೆಕ್ಟರ್ ಮಾತ್ರ. ಅದು ಎಚ್ಚರಿಸಿದ್ದೇ ತಡ, ಪೈಲಟ್ ಸಿಕ್ಕಿದ ಬಯಲಿನಲ್ಲಿ ಇಳಿಸಿ ಎಲ್ಲರನ್ನೂ ಓಡಿಸಿದ.

ಮರುದಿನ ಹ್ಯಾಂಗರ್‌ನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಪವರ್ ಬ್ಯಾಂಕ್. ಒಂದು ಬ್ಯಾಗಿನಲ್ಲಿ ಸಿಡಿದು ಕರಕಲಾದ ಪವರ್ ಬ್ಯಾಂಕ್ ಸಿಕ್ಕಿತ್ತು. ಅನುಮಾನ ಸುಮ್ನೆ ಬಂದಿದ್ದಲ್ಲ. ಒಂದು ಲಿಥಿಯಂ ಸೆಲ್ ಕೆಟ್ಟು ಕಾದರೆ ಪಕ್ಕದ್ದನ್ನೂ ಕಾಯಿಸುತ್ತೆ, ಅದು ಅದರ ಪಕ್ಕದ್ದನ್ನು. 2013ರ ಜುಲೈನಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಸುಮ್ಮನೆ ನಿಂತಿದ್ದ ಬೋಯಿಂಗ್ 787 ವಿಮಾನ ಸುಟ್ಟಿದ್ದು ಒಂದು ಪುಟ್ಟ ಲಿಥಿಯಂ ಬ್ಯಾಟರಿಯಿಂದಲೇ. ನನಗಂತೂ ಒಳಗೊಳಗೇ ಸಮಾಧಾನ. ಪವರ್ ಬ್ಯಾಂಕ್ ಆದರೆ ನನ್ನ ಸಹಿಗೂ ಅದಕ್ಕೂ ಸಂಬಂಧವಿಲ್ಲವಲ್ಲ!

ತನಿಖೆಗೆ ಬಂದಾಕೆ ಮಾತ್ರ ಒಪ್ಪಲಿಲ್ಲ. "ಬೆಂಕಿ ಹಚ್ಚಿದ ಬ್ಯಾಟರಿಯೂ ಸಿಡಿದಿರುತ್ತೆ, ಬೆಂಕಿಗೆ ಸಿಕ್ಕಿದ ಬ್ಯಾಟರಿಯೂ ಸಿಡಿದಿರುತ್ತೆ" ಅಂದರು. ಪವರ್ ಬ್ಯಾಂಕ್ ಎತ್ತಿ ತೋರಿಸಿದರು. ಅದರ ಕೆಳಗೆ ಬ್ಯಾಗಿನ ಬಟ್ಟೆ ಇನ್ನೂ ನೀಲಿಯಾಗೇ ಇತ್ತು. ಬೆಂಕಿ ಮೇಲಿಂದ ಬಂದಿತ್ತು.

ಮೇಲೆ ಅಲ್ಯೂಮಿನಿಯಂ ತಗಡು ಕರಗಿ ತೂತಾಗಿತ್ತು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತೆ, ತಾಮ್ರಕ್ಕೆ 1085 ಬೇಕು. ಹಾಗಾಗಿ ವೈರುಗಳು ಉಳಿದಿದ್ದವು. ಅವುಗಳ ತುದಿಯಲ್ಲಿ ಗೂಡಿನ ಪುಟ್ಟ ಬಲ್ಬಿನ ಅವಶೇಷ. ಭೂತಗನ್ನಡಿ ಕೊಟ್ಟು ನೋಡು ಅಂದರು. ಒಡೆದ ಗಾಜಿಗೆ ಕರಗಿದ ನೈಲಾನ್ ಅಂಟಿತ್ತು. ಫಿಲಮೆಂಟ್ ಮೇಲೆ ಹಳದಿ ಮಿಶ್ರಿತ ಬಿಳಿ ಪುಡಿ. ಉರಿಯುತ್ತಿರುವ ಬಲ್ಬಿನ ಗಾಜು ಒಡೆದು ಗಾಳಿ ಹೊಕ್ಕರೆ ಫಿಲಮೆಂಟಿನ ಟಂಗ್‌ಸ್ಟನ್ ಲೋಹ ಹೀಗೆ ಪುಡಿ ಹಿಡಿಯುತ್ತೆ. ಅಂದರೆ ಬಾಗಿಲು ಮುಚ್ಚಿದ್ದರೂ ದೀಪ ಉರಿಯುತ್ತಲೇ ಇತ್ತು, ಅದಕ್ಕೆ ಒತ್ತಿಕೊಂಡು ಒಂದು ಬ್ಯಾಗು! ಬಾಗಿಲು ಮುಚ್ಚಿದಾಗ ಸ್ವಿಚ್ಚಿನ ಗುಂಡಿ ಒತ್ತಿ ದೀಪ ಆರಿಸಬೇಕಾದ, ಬಾಗಿಲಿನ ತಗಡಿನ ತುಂಡು ಬಾಗಿತ್ತು. ಗುಂಡಿಗೆ ತಾಗುತ್ತಲೇ ಇರಲಿಲ್ಲ.

ನಮ್ಮ ಚೆಕ್ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ಬಾಗಿಲು ತೆಗೆ, ದೀಪ ಹತ್ತುತ್ತಾ ನೋಡು. ಹತ್ತಿತು. ಸಹಿ ಹಾಕಿದೆ. ಮುಚ್ಚಿದ ಮೇಲೆ ಆರುತ್ತಾ ಅಂತ ಯಾರು ನೋಡುತ್ತಾರೆ? ಆಗ ನೆನಪಾಗಿದ್ದು ನಮ್ಮ ಹಳೇ ಫ್ರಿಜ್. ನಾನೂ ತಂಗಿಯೂ ಒಳಗಿನ ದೀಪ ಯಾವಾಗ ಆರುತ್ತೆ ಅಂತ ಬಾಗಿಲ ಸಂದಿಗೆ ಕಣ್ಣಿಟ್ಟು ಕೂತಿರುತ್ತಿದ್ದೆವು. ಅಪ್ಪ, ನೀವು ಬೈದು, ಆಮೇಲೆ ಆ ಗುಂಡಿಯನ್ನು ಬೆರಳಿಂದ ಒತ್ತಿ ತೋರಿಸಿದ್ದಿರಿ.

ತಪ್ಪು ಯಾರದು ಅಂತ ನೀವು ಕೇಳೇ ಕೇಳುತ್ತೀರಿ. ವಿಮಾನ ತನಿಖೆಯ ಅಂತರರಾಷ್ಟ್ರೀಯ ನಿಯಮದ ಪ್ರಕಾರ ತನಿಖೆ ಇರುವುದು ಮತ್ತೆ ಹಾಗಾಗದಿರಲಿ ಅಂತ, ಯಾರ ಮೇಲೂ ತಪ್ಪು ಹೊರಿಸೋಕಲ್ಲ. ಓದೋಕೆ ಚೆನ್ನಾಗಿದೆ. ನನಗಂತೂ ಸರಿಯಾಗಿ ನಿದ್ದೆ ಬಂದಿದ್ದು ಈ ವಾರವೇ.

ಕಾರ್ಡು ಈಗ ಬದಲಾಗಿದೆ. ಫೋನಿನಲ್ಲಿ ವಿಡಿಯೋ ಆನ್ ಮಾಡಿ, ಗೂಡಿನೊಳಗಿಟ್ಟು ಬಾಗಿಲು ಹಾಕಬೇಕು. ನಿನ್ನೆ ಮೊದಲ ಸಲ ಮಾಡಿದೆ. ಮೊದಲು ನನ್ನ ಮುಖ, ಆಮೇಲೆ ಬಾಗಿಲು, ಆಮೇಲೆ ಕಗ್ಗತ್ತಲು. ಹೊರಗಿಂದ ನನ್ನ ದನಿ, "ಆಯ್ತಾ?" ಅಂತ. ಕಳಿಸಲಾ ಅಪ್ಪ? ನೋಡೋಕೆ ಏನೂ ಇಲ್ಲ.

ಇತಿ,
ನಿಮ್ಮ ಮಗ