ರೋಪ್ ಬಿಡದ ಅಣ್ಣನಿಗೆ

ಮೊನ್ನೆ ಮತ್ತೆ ಹಾರ್ನೆಸ್ (ವೈರಿಗೆ ತೂಗುಹಾಕುವ ಸೊಂಟಪಟ್ಟಿ) ಕಟ್ಟಿಕೊಂಡೆ. ಹೀರೋಯಿನ್ ಬದಲಿಗೆ ಗೋಡೆ ಮೇಲಿಂದ ಬೀಳುವ ಸಣ್ಣ ಶಾಟ್, ಅಷ್ಟೇ. ಡಾಕ್ಟರು ಒಪ್ಪಿದ ಮೇಲೆಯೇ ಹೋಗಿದ್ದು, ಯಾರೂ ಬೈಯಬೇಡಿ. ಫೋನ್ ಮಾಡಿ ವಿಚಾರಿಸುತ್ತಿರುವವರಿಗೆಲ್ಲ ಒಟ್ಟಿಗೇ ಇಲ್ಲಿ ಬರೆಯುತ್ತಿದ್ದೇನೆ. ಕಾರವಾರದ ಶೂಟಿಂಗಿನಲ್ಲಿ ಹೀರೋಯಿನ್‌ಗೆ ಡೂಪ್ ಆಗಿ ವೈರ್ ಶಾಟ್ ಮಾಡುವಾಗ ರೋಪ್ ಜಾರಿ ನನಗೆ ದೊಡ್ಡ ಏಟು ಬಿದ್ದದ್ದು ನಿಮಗೆ ಗೊತ್ತೇ ಇದೆ, ಅದನ್ನು ಬಿಡೋಣ.

ನನ್ನನ್ನು ಎತ್ತಿ ಕೂರಿಸಿ ಗಂಜಿ ಉಣಿಸಿದ ಆಯಿ, ಚಂದಾ ಎತ್ತಿ ಬಿಲ್ ಕಟ್ಟಿದ ಫೈಟರ್ ಹುಡುಗರು, ಬಂಗಡೆ ಸಾರು ಕಳಿಸಿದ ಕೋಡಿಬಾಗದ ಅಕ್ಕ, ಸಂಜೆ ಹೊತ್ತು ಟ್ಯಾಗೋರ್ ಬೀಚಿನ ಮರಳಲ್ಲಿ ಕೈಹಿಡಿದು ನಡೆಸಿದ ಗೆಳತಿಯರು, ನಿಮಗೆಲ್ಲ ಕೈಮುಗಿದೆ.

ಇನ್ನು ಸೆಟ್ಟಿನಲ್ಲಿ ನನ್ನ ರೋಪ್ ಹಿಡಿಯುವ ನಮ್ಮ ರೋಪ್ ಅಣ್ಣನ ವಿಷಯ.

ಸಿನಿಮಾದಲ್ಲಿ ಹೀರೋ ಹಾರುತ್ತಾನೆ, ನೀವು ಶಿಳ್ಳೆ ಹೊಡೆಯುತ್ತೀರಿ. ಹಾರಿದ್ದು ಡೂಪ್ ಅಂತ ಈಗ ಎಲ್ಲರಿಗೂ ಗೊತ್ತು. ಆದರೆ ಆ ಡೂಪ್‌ನ ಸೊಂಟದಿಂದ ಹೊರಟ ವೈರು ಕ್ರೇನಿನ ಪುಲ್ಲಿ ದಾಟಿ ಹೋಗುವುದು ನಾಲ್ಕೈದು ಜನರ ಕೈಗೆ. ಫೈಟ್ ಮಾಸ್ಟರ್ ಕೌಂಟ್ ಕೊಟ್ಟರೆ ಅವರು ಎಳೆದುಕೊಂಡು ಓಡಬೇಕು, ಇಳಿಸುವಾಗ ಹಿಡಿತ ಬಿಡದೆ ತಡೆಯಬೇಕು. ನಮ್ಮ ಕಡೆ ಎಷ್ಟೋ ಸೆಟ್ಟುಗಳಲ್ಲಿ ಬ್ರೇಕ್ ಅಂದರೆ ಅವರ ತೋಳೇ. ಹುಡುಗರಾದರೆ ಪ್ಯಾಂಟಿನೊಳಗೆ ಪ್ಯಾಡ್ ಕಟ್ಟಿಕೊಳ್ಳಬಹುದು. ಹೀರೋಯಿನ್ ಹಾಕಿದ ಬಟ್ಟೆಯನ್ನೇ ಹಾಕಬೇಕಾದ ನಾನು ಎಲ್ಲಿ ಕಟ್ಟಿಕೊಳ್ಳಲಿ? ನನಗೆ ಇರುವುದು ರೋಪ್ ಒಂದೇ.

ಆ ದಿನ ಮಳೆ ಬಂದು ರೋಪ್ ಒದ್ದೆಯಾಗಿತ್ತು. ಉಳಿದವರ ಕೈಯಿಂದ ಜಾರಿತು. ಅಣ್ಣ ಬಿಡಲಿಲ್ಲ.

ಜಿಲ್ಲೆಯಲ್ಲಿ ದೊಡ್ಡ ಏಟು ಬಿದ್ದರೆ ಗೋವಾ, ಹುಬ್ಬಳ್ಳಿ, ಇಲ್ಲ ಮಣಿಪಾಲ ಅಂತ ಓಡಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ ನಾವು ಕೇಳುತ್ತಲೇ ಇದ್ದೇವೆ. ಆ ರಾತ್ರಿ ಕಾಳಿ ಸೇತುವೆ ದಾಟುವಾಗ ಆಂಬುಲೆನ್ಸಿನಲ್ಲಿ ನನ್ನ ಜೊತೆ ಇದ್ದವರು ಅಣ್ಣ ಒಬ್ಬರೇ. ಆಸ್ಪತ್ರೆಯಲ್ಲಿ ಫಾರಂಗೆ ಸಹಿ ಹಾಕಲು ಹೋದಾಗ ಪೆನ್ನು ನಿಲ್ಲಲಿಲ್ಲವಂತೆ. ನರ್ಸ್ ಅವರ ಕೈ ತಿರುಗಿಸಿ ನೋಡಿದರು. ಗ್ಲೌಸ್ ಹರಿದು ಎರಡೂ ಅಂಗೈಯ ಚರ್ಮ ಕಿತ್ತು ಬಂದಿತ್ತು. ದಾರಿಯುದ್ದಕ್ಕೂ ನನಗೆ ಒಂದು ಮಾತೂ ಹೇಳಿರಲಿಲ್ಲ ಮಾರಾಯರೇ!

ಬ್ಯಾಂಡೇಜ್ ಕೈಯಲ್ಲೇ ರಾತ್ರಿಯಿಡೀ ಕೂತರು. ಆಗಾಗ ನನ್ನ ಕಾಲ್ಬೆರಳು ಮುಟ್ಟಿ 'ಗೊತ್ತಾಗ್ತಿದ್ಯಾ ಪುಟ್ಟಿ?' ಅಂತ ಕೇಳುವುದು. ನಾನು ಇಲ್ಲ ಅನ್ನುವುದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಪ್ರಶ್ನೆ. ಒಂದು ಸಲ ಕಿರುಚಿಬಿಟ್ಟೆ, ಯಾಕೆ ಹಿಡ್ಕೊಂಡ್ರಿ, ಬಿಟ್ಟುಬಿಡಬೇಕಿತ್ತು ಅಂತ. ಆ ಮಾತು ಸುಮ್ನೆ ಬಂದದ್ದಲ್ಲ. ಆಗ ನಿಜವಾಗಿಯೂ ಹಾಗೇ ಅನಿಸಿತ್ತು.

ಆಗ ಅವರು ಹಳೆಯದನ್ನೆಲ್ಲ ಮಾತಾಡಿದರು. 2016ರ ನವೆಂಬರಿನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ 'ಮಾಸ್ತಿಗುಡಿ' ಸಿನಿಮಾ ಶೂಟಿಂಗಿನಲ್ಲಿ ಹೆಲಿಕಾಪ್ಟರಿನಿಂದ ಹಾರಿದ ನಟರಾದ ಅನಿಲ್, ಉದಯ್ ಇಬ್ಬರೂ ಮುಳುಗಿದ್ದು. ಲೈಫ್ ಜಾಕೆಟ್ ಇರಲಿಲ್ಲ. 2021ರ ಆಗಸ್ಟಿನಲ್ಲಿ ಬಿಡದಿ ಹತ್ತಿರ ಫೈಟ್ ಶೂಟಿಂಗಿನಲ್ಲಿ ಕರೆಂಟ್ ಹೊಡೆದು ಫೈಟರ್ ವಿವೇಕ್ ಹೋಗಿದ್ದು. 'ಅವರಿಗೆಲ್ಲ ಇಂಥ ಬೆಳಗಾಗೋ ತನಕ ಕಾಯೋ ರಾತ್ರಿ ಸಿಗಲಿಲ್ಲ ಪುಟ್ಟಿ' ಅಂದರು. ನಾನು ಗೋಡೆ ಕಡೆ ಮುಖ ತಿರುಗಿಸಿ ಅತ್ತೆ. ಅಣ್ಣ ಸಮಾಧಾನ ಮಾಡಲು ಬರಲಿಲ್ಲ. ಬೆಳಗಿನ ಜಾವ ಮತ್ತೆ ಬೆರಳು ಮುಟ್ಟಿದರು. ಗೊತ್ತಾಯಿತು.

2028ರಿಂದ ಆಸ್ಕರಿನಲ್ಲೂ ಸ್ಟಂಟ್ ಡಿಸೈನ್‌ಗೆ ಪ್ರಶಸ್ತಿ ಇದೆಯಂತೆ. ಒಳ್ಳೆಯದೇ. ನನ್ನ ಆಸೆ ಇನ್ನೂ ಚಿಕ್ಕದು. ರೋಪ್ ಹಿಡಿಯುವವರಿಗೂ ಇನ್ಶೂರೆನ್ಸ್ ಆಗಲಿ, ಮಳೆ ಬಂದರೆ ವೈರ್ ಶಾಟ್ ನಿಲ್ಲಲಿ. ಕಾಲ್‌ಶೀಟ್ ಮುಗಿಯುತ್ತದೆ ಅಂತ ಯಾರಾದರೂ ಗಡಿಬಿಡಿ ಮಾಡಿದರೆ ಇನ್ನು ಮುಂದೆ ನಾನು ಹತ್ತುವುದಿಲ್ಲ. ಕೆಲಸ ಕಡಿಮೆಯಾಗಬಹುದು, ಆಗಲಿ.

ಮೊನ್ನೆಯ ಶಾಟಿಗೂ ರೋಪ್ ಹಿಡಿದದ್ದು ಅಣ್ಣನೇ. ಬರುವ ಭಾನುವಾರ ಅವರು ನಮ್ಮ ಮನೆಗೆ ಊಟಕ್ಕೆ ಬರುತ್ತಿದ್ದಾರೆ. ಕಾರವಾರದಲ್ಲಿ ಇರುವವರೆಲ್ಲ ಬನ್ನಿ, ಆಯಿ ಕಾಣೆ ಮೀನು ಹುರಿಯುತ್ತಾಳೆ. ಅಣ್ಣನ ಕೈ ನೋಡಿ ಮಾತ್ರ ಅಯ್ಯೋ ಪಾಪ ಅನ್ನಬೇಡಿ. ಸಿಟ್ಟು ಜಾಸ್ತಿ ಅವರಿಗೆ, ಊಟ ಬಿಟ್ಟು ಎದ್ದುಬಿಡುತ್ತಾರೆ.